ಮೂಡಲಂಚಿನ ಮನೆ

ನಮ್ಮೂರಿಗೆ ನಕ್ಷೆ ಇಲ್ಲ. ಅಳತೆಯವರು ಬಂದು ಸರಪಳಿ ಹಿಡಿದು ಬರೆದುಕೊಂಡು ಹೋದದ್ದುಂಟು. ಆದರೆ ಪುಷ್ಯ ಮಾಸದ ಕದಡು ಒಮ್ಮೆ ಊರ ಮೇಲೆ ಹಾದುಹೋಯಿತೆಂದರೆ ಅವರು ಬರೆದದ್ದಕ್ಕೂ ಇಲ್ಲಿರುವುದಕ್ಕೂ ತಾಳೆಯಾಗುತ್ತಿರಲಿಲ್ಲ. ಕದಡು ಮಂಜಿನಂತೆಯೇ ಇಳಿಯುತ್ತದೆ. ಅದು ಏಳುವ ಹೊತ್ತಿಗೆ ಬದು ಹೊಲದೊಳಕ್ಕೆ ಸರಿದಿರುತ್ತದೆ, ಗೋಡೆಯ ಕೆಮ್ಮಣ್ಣು ಓಣಿಗೆ ಇಳಿದಿರುತ್ತದೆ. ಹುಲ್ಲಿನ ಮೆದೆಗೆ ಆತು ಮಲಗಿದ ಎಮ್ಮೆ ಎಲ್ಲಿ ಮುಗಿಯಿತು, ಮೆದೆ ಎಲ್ಲಿ ಶುರುವಾಯಿತು ಎಂದು ಹಾಲು ಕರೆಯುವವರು ಕೈಯಾಡಿಸಿ ನೋಡಬೇಕು. ಆ ದಿನಗಳಲ್ಲಿ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಮಲಗಿಸುವುದಿಲ್ಲ. ಉಪ್ಪಿನಕಾಯಿ ಜಾಡಿಯನ್ನು ಸೀಮೆಎಣ್ಣೆ ಡಬ್ಬಿಯಿಂದ ದೂರ ಇಡುತ್ತೇವೆ. ಮಡಕೆಗಳ ಬಾಯಿಗೆ ಸುಣ್ಣ ಬಳಿಯುತ್ತೇವೆ. ಗಂಡ ಹೆಂಡಿರು ಮುನಿಸಿಕೊಂಡಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂದು ಹೆಂಗಸರು ನಗುತ್ತಾರೆ.

ಕದಡು ಪೂರ್ತಿ ಇಳಿದ ಮೇಲೆ ಒಂದು ದಿನ, ಒಂದೇ ದಿನ, ಬಾನು ತಿಳಿಯಾಗುತ್ತದೆ. ಊರ ನಡುವಿನ ಎತ್ತರದ ಕಂಬದ ತುದಿಯಲ್ಲಿ ಕೆಳಮುಖವಾಗಿ ಕಟ್ಟಿದ ಕ್ಯಾಮೆರಾ ಬಿಸಿಲು ತಾಗಿದ ಕೂಡಲೇ ತಾನಾಗಿಯೇ ಊರಿನ ಒಂದು ಫೋಟೊ ತೆಗೆಯುತ್ತದೆ. ಪಂಚಾಯಿತಿ ಕಚೇರಿಯ ಕಂಪ್ಯೂಟರಿನಲ್ಲಿ ನಾನು ಆ ಫೋಟೊವನ್ನು ಜರಡಿಗೆ ಹಾಕುತ್ತೇನೆ. ಫೋಟೊ ಸರಿಹೋದಂತೆ ಊರು ಸರಿಹೋಗುತ್ತದೆ. ಬದು ಬದುವಾಗುತ್ತದೆ, ಎಮ್ಮೆ ಎಮ್ಮೆಯಾಗುತ್ತದೆ. ಫೋಟೊ ತೆಗೆದಾಗ ಯಾರು ಎಲ್ಲಿರುತ್ತಾರೋ ಅವರ ಅಂಚು ಅಲ್ಲಿಗೇ ಗಟ್ಟಿಯಾಗುವುದರಿಂದ ಅಂದು ಬೆಳಗಿನಿಂದ ಎಲ್ಲರೂ ಅವರವರ ಮನೆಯಲ್ಲೇ ಇರುತ್ತಾರೆ.

ಜರಡಿ ಎಂದರೆ ಕಪ್ಪು ಪರದೆಯ ಮೇಲೆ ಬರೆಯುವ ಒಂದೇ ಒಂದು ಸಾಲು. ಮೊದಲು ಕಮಾಂಡಿನ ಹೆಸರು, ಆಮೇಲೆ ಫೋಟೊದ ಹೆಸರು, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಹೊಸ ಫೋಟೊಗೆ ಇಡುವ ಹೆಸರು. ಎಂಟರ್ ಒತ್ತಿದರೆ ಆಯಿತು. ಆ ಒಂಬತ್ತು ಅಂಕಿಗಳನ್ನು ಮಕ್ಕಳ ಆಟದ ಮನೆಗಳಂತೆ ಮೂರು ಮೂರಾಗಿ ಜೋಡಿಸಿ ನೋಡಬೇಕು. ನಡುಮನೆಗೆ ಐದು. ನಾಲ್ಕು ದಿಕ್ಕಿನ ನೆರೆಮನೆಗಳಿಗೆ ಮೈನಸ್ ಒಂದೊಂದು. ಮೂಲೆಮನೆಗಳಿಗೆ ಸೊನ್ನೆ. ಫೋಟೊ ಎನ್ನುವುದು ಬರೀ ಚುಕ್ಕೆಗಳ ರಾಶಿ. ಜರಡಿ ಒಂದೊಂದು ಚುಕ್ಕೆಯ ಹತ್ತಿರವೂ ನಿಂತು, ಅದರ ಬೆಳಕನ್ನು ಐದರಷ್ಟು ಮಾಡಿ, ನಾಲ್ಕು ನೆರೆಯವರ ಬೆಳಕನ್ನು ಅದರಿಂದ ಕಳೆಯುತ್ತದೆ. ನೆರೆಯವರು ತನ್ನಂತೆಯೇ ಇದ್ದರೆ ಚುಕ್ಕೆ ಇದ್ದ ಹಾಗೇ ಉಳಿಯುತ್ತದೆ. ಬೇರೆ ಥರ ಇದ್ದರೆ ನಡುವೆ ಗೆರೆ ಎದ್ದು ಕಾಣುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ ಒಂದು ಬರಬೇಕು. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಪುಟ್ಟಸ್ವಾಮಣ್ಣ ಒಂದು ವರ್ಷ ನಡುಮನೆಗೆ ಐದರ ಬದಲು ನಾಲ್ಕು ಹೊಡೆದುಬಿಟ್ಟ. ಊರೆಲ್ಲ ಕಪ್ಪಾಗಿ, ಅಂಚುಗಳು ಮಾತ್ರ ಬಿಳಿಯ ಎಳೆಗಳಂತೆ ಉಳಿದವು. ಮುಂದಿನ ಪುಷ್ಯದವರೆಗೆ ಮುದ್ದೆ ಯಾವುದು ಅನ್ನ ಯಾವುದು ಎಂದು ಬಾಯಿಗಿಟ್ಟ ಮೇಲೆಯೇ ಗೊತ್ತಾಗುತ್ತಿತ್ತು. ಒಮ್ಮೆ ಎಂಟರ್ ಒತ್ತಿದ್ದನ್ನು ಹಿಂದಕ್ಕೆ ತರುವಂತಿಲ್ಲ. ಅದಕ್ಕೇ ಹಿಂದಿನವರು ಕೊಟ್ಟ ಸಾಲನ್ನು ಅಕ್ಷರ ಅತ್ತಿತ್ತ ಮಾಡದೆ ಬರೆಯುವುದು ನಮ್ಮ ಪದ್ಧತಿ.

ತೊಂದರೆ ಇರುವುದು ಅಂಚಿನ ಚುಕ್ಕೆಗಳಿಗೆ. ಅವಕ್ಕೆ ಒಂದು ಕಡೆ ನೆರೆ ಇಲ್ಲ. ಇಲ್ಲದ ಕಡೆ ಕತ್ತಲೆ ಇದೆ ಎಂದು ಜರಡಿ ಎಣಿಸುತ್ತದೆ, ಕತ್ತಲೆಯ ಪಾಲಿಗೆ ಕಳೆಯಲು ಏನೂ ಇರುವುದಿಲ್ಲ. ಹಾಗಾಗಿ ಅಂಚಿನಲ್ಲಿದ್ದದ್ದಕ್ಕೆ ಬೆಳಕು ಇಮ್ಮಡಿಯಾಗಿ, ಬೆಳ್ಳಗೆ ಸುಟ್ಟು, ಮಾರನೆಯ ದಿನ ಉಪ್ಪಿನಂತೆ ಉದುರಿಹೋಗುತ್ತದೆ. ಫೋಟೊದ ಎಲ್ಲೆಗೆ ನಾಲ್ಕು ಕಡೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಬಡಗಲಿಗೆ ಬೋಳು ಬಂಡೆ, ತೆಂಕಲಿಗೆ ಕೆರೆ. ಅವು ಒಂದು ಗೇಣು ಸುಟ್ಟರೆ ಯಾರಿಗೂ ಲೆಕ್ಕವಿಲ್ಲ. ಪಡುವಲಿಗೆ ನಮ್ಮ ಹಿತ್ತಲು. ಅಲ್ಲಿ ಎಲ್ಲೆಯ ಮೇಲಿರುವುದು ನಮ್ಮ ತಿಪ್ಪೆ. ಪ್ರತಿ ವರ್ಷ ಅದರ ಒಂದು ಪಟ್ಟಿ ಬೂದಿಯಾಗುತ್ತದೆ, ನಾವು ಮತ್ತೆ ಸಗಣಿ ಸುರಿಯುತ್ತೇವೆ. ಮೂಡಲಿಗೆ ಹೊಂಬಾಳಮ್ಮನ ಮನೆ.

ಹೊಂಬಾಳಮ್ಮ ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವವಳು. ಊರಿನ ಪ್ರತಿ ಮನೆಯ ಅಕ್ಕಿಯೂ ಅವಳ ಮೊರದಲ್ಲೇ ಕಲ್ಲು ಬಿಟ್ಟದ್ದು. ಮದುವೆಯಾಗಿ ಬಂದಾಗ ಆ ಮನೆಗೆ ಹಿಂದುಗಡೆ ಬಿದಿರಿನ ಚಪ್ಪರ, ಕೊಟ್ಟಿಗೆ, ಅಡುಗೆಕೋಣೆ ಎಲ್ಲ ಇತ್ತಂತೆ. ವರ್ಷಕ್ಕಿಷ್ಟು ಸುಟ್ಟು ಈಗ ಉಳಿದಿರುವುದು ಒಂದು ಕೋಣೆ. ಅದರ ಮೂಡಲ ಗೋಡೆ ಎಲ್ಲೆಕಲ್ಲಿನ ಗೆರೆಗೆ ಸರಿಯಾಗಿ ನಿಂತಿದೆ, ಮನೆಯ ತೊಲೆ ಅದರ ಮೇಲೆ ಕೂತಿದೆ. ಈ ಸಲ ಅದು ಹೋದರೆ ಸೂರು ಹೋಗುತ್ತದೆ. ಆ ಕೋಣೆಯಲ್ಲಿ ಹೊಂಬಾಳಮ್ಮನ ಮಗಳು ಮುತ್ತಿ ಹಸೀ ಬಾಣಂತಿ.

ಕದಡು ಇಳಿಯುತ್ತಿದ್ದಾಗ ಪಂಚಾಯಿತಿ ಕಟ್ಟೆಯಲ್ಲಿ ಸಭೆ ಸೇರಿತು. ಊರ ಯಜಮಾನ ತಿಮ್ಮೇಗೌಡರು ನನ್ನ ಗಂಡನ ಸೋದರಮಾವ, ಅತ್ತೆಯ ಒಡಹುಟ್ಟಿದ ತಮ್ಮ. ಕೆಟ್ಟವರಲ್ಲ. ಯಾವ ಮಾತನ್ನೂ ಜೋರಾಗಿ ಆಡುವವರೂ ಅಲ್ಲ.

"ಈ ಸಲ ಮೂಡಲ ಕಲ್ಲ ಒಂದಿಷ್ಟು ಒಳೀಕ್ ತರಾನ ಅಂತ," ಎಂದರು. "ಆ ಗೋಡೆ ಹೆಂಗೂ ಉಳಿಯಾಕಿಲ್ಲ. ಸುಟ್ಟು ಮಗೀನ ಮ್ಯಾಲೆ ಬೀಳಾದ್ಕಿಂತ ಮನೇನೇ ಫೋಟೊದಿಂದ ಆಚಿಗೆ ಬುಟ್ರೆ ಸುಡಾದಾದ್ರೂ ತಪ್ತದೆ."

ದೂರದಲ್ಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಹೊಂಬಾಳಮ್ಮ ಕೇಳಿದಳು: "ಆಚಿಗೆ ಬುಟ್ರೆ ನಾವೇನಾಗ್ತೀವಿ ಗೌಡ್ರೇ?"

ಎಲ್ಲೆಯಾಚೆ ಇದ್ದವರಿಗೆ ಜರಡಿ ಇಲ್ಲ, ಕದಡಿದ ಅಂಚು ಮತ್ತೆ ಕೂಡುವುದಿಲ್ಲ. ಹಿಂದೆ ಕುರಿ ಕಾಯುವ ಒಂದು ಸಂಸಾರ ಕಲ್ಲಿನಾಚೆ ಹಟ್ಟಿ ಹಾಕಿಕೊಂಡಿತ್ತು. ಈಗ ಮಂಜಿನ ಬೆಳಗುಗಳಲ್ಲಿ ಆ ಕಡೆಯಿಂದ ಕುರಿಗಳ ಗಂಟೆ ಕೇಳುತ್ತದೆ. ಹೋಗಿ ನೋಡಿದರೆ ಹುಲ್ಲು, ಹೊಗೆಯಂಥದೊಂದು ಬಣ್ಣ.

"ಬ್ಯಾರೆ ಕಡೆ ಜಾಗ ನೋಡ್ಕೊಳವ್ವ," ಎಂದರು ತಿಮ್ಮೇಗೌಡರು, ನೆಲ ನೋಡುತ್ತಾ.

"ಯಾರ ಜಗಲಿ ಮ್ಯಾಲೆ ಕುಂತ್ಕಳಾನ, ನೀವೇ ಹೇಳಿ. ನಿಮ್ಮದಾ?"

ಕಟ್ಟೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಟವೆಲ್ಲುಗಳನ್ನು ಕೊಡವಿಕೊಂಡು ಎದ್ದರು.

ಅಂದು ನಾನು ಕಚೇರಿಯಲ್ಲಿ ಕೂತು ಆ ಕಮಾಂಡಿನ ಸಹಾಯದ ಪುಟಗಳನ್ನು ಮೊದಲಿನಿಂದ ಓದಿದೆ. ಇಂಗ್ಲಿಷು ನನಗೆ ಕಾಳು ಆರಿಸಿದಷ್ಟು ನಿಧಾನ. ಎಲ್ಲೆಯಾಚೆ ಏನಿದೆ ಎಂದು ಎಣಿಸಬೇಕು ಅನ್ನುವುದನ್ನು ನಾವೇ ಹೇಳಬಹುದು ಎಂದು ಅಲ್ಲಿ ಬರೆದಿತ್ತು. ಏನೂ ಹೇಳದಿದ್ದರೆ ಅದು ಕತ್ತಲೆ ಎಂದುಕೊಳ್ಳುತ್ತದೆ. ಕನ್ನಡಿ ಎಂದು ಹೇಳಿದರೆ ಅಂಚಿನಲ್ಲಿರುವುದರ ಪ್ರತಿಬಿಂಬವನ್ನೇ ಅದಕ್ಕೆ ನೆರೆಯಾಗಿ ಕೊಡುತ್ತದೆ. ಇನ್ನೊಂದು ಇತ್ತು, ಸುತ್ತು. ಹಾಗೆ ಹೇಳಿದರೆ ಫೋಟೊವನ್ನು ಚಾಪೆಯಂತೆ ಸುತ್ತಿ, ಮೂಡಲಂಚಿಗೆ ಪಡುವಲಂಚನ್ನು ತಂದು ಜೋಡಿಸಿ, ಅದೇ ನೆರೆ ಎನ್ನುತ್ತದೆ.

ಊರಿನ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಮನೆಯ ಹಿಂದೆ ಒಂದು ಮೊರದಲ್ಲಿ ರಾಗಿ ಹರವಿ, ಮೂಡಲ ಅಂಚಿಗೆ ಒಂದು ಮೆಣಸಿನಕಾಯಿ, ಪಡುವಲ ಅಂಚಿಗೆ ಒಂದು ಬೆಲ್ಲದ ತುಂಡು ಇಟ್ಟು, ಫೋನಿನಲ್ಲಿ ಫೋಟೊ ತೆಗೆದು ಕಚೇರಿಗೆ ಒಯ್ದೆ. ಕನ್ನಡಿ ಹಾಕಿ ಜರಡಿ ಹಿಡಿದು ಬಂದು ನೋಡಿದರೆ ಮೆಣಸಿನಕಾಯಿ ಸುಟ್ಟಿರಲಿಲ್ಲ. ಆದರೆ ಮೊರದ ಆಚೆ ನೆಲದ ಮೇಲೆ ಅಂಥದೇ ಇನ್ನೊಂದು ಬಿದ್ದಿತ್ತು. ಎರಡನ್ನೂ ಮುರಿದು ನಾಲಿಗೆಗಿಟ್ಟೆ. ಎರಡರಲ್ಲೂ ಅರ್ಧರ್ಧ ಖಾರ. ಹೊಸದಾಗಿ ಹರವಿ ಸುತ್ತು ಹಾಕಿ ನೋಡಿದೆ. ಈ ಸಲ ಮೆಣಸಿನಕಾಯಿ ಒಂದೇ ಇತ್ತು, ಪೂರ್ತಿ ಇತ್ತು. ಬೆಲ್ಲ ಸಿಹಿಯಾಗಿಯೇ ಇತ್ತು. ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಖಾರ ಹತ್ತಿತು.

ಹೊಂಬಾಳಮ್ಮನ ಮನೆಗೆ ಹೋದೆ. ಮುತ್ತಿ ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಮಗು ಅವಳಿಂದ ಒಂದು ಮೊಳ ದೂರದಲ್ಲಿ ಬುಟ್ಟಿಯಲ್ಲಿತ್ತು. ಕದಡಿನಲ್ಲಿ ತಾಯಿ ಮಗು ಒಟ್ಟಿಗೆ ಮಲಗುವಂತಿಲ್ಲ, ಹಾಲು ಕುಡಿಸುವಷ್ಟು ಹೊತ್ತು ಮಾತ್ರ. ಹೊಂಬಾಳಮ್ಮ ಬಿದಿರು ಸೀಳುತ್ತಲೇ ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು. ಕನ್ನಡಿಯ ವಿಷಯಕ್ಕೆ ಬಂದಾಗ ಕತ್ತಿ ನಿಲ್ಲಿಸಿದಳು.

"ಅಂದ್ರೆ ನಂಗೆ ನಾನೇ ನೆರೆಯಾ?"

"ಹೂಂ ಹೊಂಬಾಳಕ್ಕ. ಗೋಡೆ ಉಳೀತದೆ. ಆದ್ರೆ ಆಚಿಗೂ ಇಂಥದೇ ಮನೆ, ನಿಮ್ಮಂಥೋರೇ ಮೂರು ಜನ. ಇರೋ ಜೀವ ಎರಡು ಕಡೆ ಹಂಚ್ಕಬೇಕು."

"ಇರೋದೇ ಒಂದು ಹಿಡಿ ಮಗ, ಅದ್ನೂ ಅರ್ಧ ಮಾಡಾಕಾದದಾ? ಮತ್ತೆ ಇಷ್ಟು ವರ್ಷ ನಂಗೆ ನೆರೆ ಇದ್ದದ್ದು ನಾನೇ ಅಲ್ವಾ, ಸಾಕವ್ವ? ಅದೇನು ಹೊಸಾದಲ್ಲ ಬುಡು." ಮತ್ತೆ ಬಿದಿರಿಗೆ ಕತ್ತಿ ಇಟ್ಟಳು. "ಆ ಇನ್ನೊಂದು ಯಾವ್ದಂದೆ?"

ಹೇಳಿದೆ. ಅವಳ ಗೋಡೆಗೆ ನಮ್ಮ ಹಿತ್ತಲು ನೆರೆಯಾಗುತ್ತದೆ ಎಂದೆ. ನಮ್ಮ ಹಿತ್ತಲಿಗೆ ಅವಳ ಗೋಡೆ.

ಅವಳು ಸೀಳಿದ ಬಿದಿರನ್ನು ಪಕ್ಕಕ್ಕಿಟ್ಟಳು. "ನಿಮ್ಮತ್ತೆ ಒಪ್ತರಾ?" ಎಂದಳು.

ಅತ್ತೆ ಕೆಂಪಾಜಮ್ಮನಿಗೆ ಕಿವಿ ಮಂದ, ಬಾಯಿ ಜೋರು. ಸಂಜೆ ಒಲೆಯ ಮುಂದೆ ಕೂತು ವಿಷಯ ಹೇಳಿದೆ. ಒಂದೊಂದು ಮಾತನ್ನೂ ಎರಡು ಸಲ ಹೇಳಬೇಕಾಯಿತು. ಪೂರ್ತಿ ತಿಳಿದ ಮೇಲೆ ಅವರು ಊದುಕೊಳವೆ ಕೆಳಗಿಟ್ಟರು.

"ನಂ ತಿಪ್ಪೆ ಪಕ್ಕಕ್ಕೆ ಅವಳ ಬಾಣಂತಿ ಕ್ವಾಣೆ ತರ್ತೀಯಾ?"

"ಹೂಂ ಅತ್ತೆ."

"ನಿನ್ ತಲೆ ಮ್ಯಾಲೆ ಸಗಣಿ ಹುಯ್ಯ. ಹಸೀ ಬಾಣಂತಿ ಪಕ್ಕ ಯಾರಾರ ತಿಪ್ಪೆ ಇಕ್ತಾರೇನಮ್ಮಿ? ನಂಜಾಯ್ತದೆ. ಕಂಪೂಟ್ರು ಕಲ್ತು ಬುದ್ಧಿ ಕಳಕಂಡೆ."

"ಹಂಗಾರೆ ಗೋಡೆ ಬೀಳ್ಲಿ ಅಂತೀರಾ?"

"ನಾನೇನೂ ಅನ್ನಾಕಿಲ್ಲ. ನಿಂಗೆ ಹೇಳಿ ಬಾಯಿ ನೋಯಿಸ್ಕಳ್ಳಾಕೆ ನಂಗೇನು ಬಂದದೆ." ಅಷ್ಟು ಹೇಳಿ ಮುಖ ತಿರುಗಿಸಿದವರು ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ತಮ್ಮನ ಮನೆಗೆ ಹೋಗಿ ಬಂದರು ಎಂದು ಮಾತ್ರ ಕಿವಿಗೆ ಬಿತ್ತು.

ಎರಡು ದಿನ ಕಳೆದು, ಹೊತ್ತು ನೆತ್ತಿಗೆ ಬರುವ ಮುಂಚೆಯೇ ಕದಡು ಒಮ್ಮೆಗೇ ಹರಿಯಿತು. ಯಾರೂ ಅಷ್ಟು ಬೇಗ ಎಂದು ಎಣಿಸಿರಲಿಲ್ಲ. ಮನೆ ಸೇರಿ ಎಂದು ಎಚ್ಚರಿಸುವ ಕಂಬದ ಗಂಟೆ ಬಡಿಯಿತು, ಬಾಗಿಲುಗಳು ಮುಚ್ಚಿದವು, ಕೋಳಿಗಳ ಮೇಲೆ ಬುಟ್ಟಿ ಬಿದ್ದವು. ನಾನು ಕಚೇರಿಯಲ್ಲೇ ಇದ್ದೆ. ಜರಡಿ ಹಿಡಿಯುವವರು ಅಂದು ಕಚೇರಿ ಬಿಡುವುದಿಲ್ಲ. ಫೋಟೊ ಬಂದು ಬೀಳುವ ಹೊತ್ತಿಗೆ ಸರಿಯಾಗಿ ತಿಮ್ಮೇಗೌಡರು ಬಾಗಿಲಲ್ಲಿ ನಿಂತಿದ್ದರು. ಅವರ ಮನೆ ಕಚೇರಿಗೆ ಅಂಟಿಕೊಂಡೇ ಇದೆ, ನಡುವೆ ಒಂದು ಬಾಗಿಲು.

"ಅಕ್ಕ ಬಂದು ಹೇಳ್ತು," ಎಂದರು. ನನ್ನ ಬೆನ್ನ ಹಿಂದೆ ಬಂದು ಕುರ್ಚಿಯ ಮೇಲೆ ಕೈಯಿಟ್ಟರು. "ಹೊಸಾದೇನೂ ಮಾಡಬ್ಯಾಡ ಸಾಕಮ್ಮ. ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ. ಆದ್ರೆ ಒಂದು ಮನೆ ಉಳಿಸಾಕೆ ಹೋಗಿ ಊರ್ನೇ ಏರುಪೇರು ಮಾಡಾಕಾಗಲ್ಲ. ಪುಟ್ಟಸ್ವಾಮಿ ಮಾಡಿದ್ದು ಮರ್ತಿಲ್ಲ ಯಾರೂವೆ. ಮೂಡಲ ಕಡೆ ಒಂದು ಪಟ್ಟಿ ಕತ್ತರಿಸು, ಹಳೇ ಸಾಲು ಬರಿ, ಹೊಡಿ."

"ಮಾವ, ಮೊರದ ಮ್ಯಾಲೆ ನೋಡಿವ್ನಿ."

"ಮೊರ ಮೊರವೇ. ಊರು ಊರೇ."

ಹಿಂದೆ ಅವರ ಉಸಿರು ಕೇಳುತ್ತಿತ್ತು. ಕತ್ತರಿಸುವುದೆಂದರೂ ಅದೇ ಸಾಲಿಗೆ ಇನ್ನೊಂದೆರಡು ಅಂಕಿ ಸೇರಿಸುವುದು, ಅಷ್ಟೇ. ಅಷ್ಟಕ್ಕೆ ಹೊಂಬಾಳಮ್ಮ, ಮುತ್ತಿ, ಬುಟ್ಟಿಯಲ್ಲಿದ್ದ ಮಗು ಕುರಿಗಂಟೆಗಳ ಪಾಲಾಗುತ್ತಾರೆ. ಸಂಜೆಯೊಳಗೆ ಜರಡಿ ಹಿಡಿಯದಿದ್ದರೆ ಆ ವರ್ಷಕ್ಕೆ ಊರಿಗೇ ಅಂಚಿಲ್ಲ. ಹೊತ್ತು ತಳ್ಳಲು ಫೋಟೊವನ್ನು ದೊಡ್ಡದು ಮಾಡಿ ಅಂಚುಗಳನ್ನು ನೋಡತೊಡಗಿದೆ. ಬಡಗಲು, ಬರೀ ಬಂಡೆ. ತೆಂಕಲು, ನೀರು. ಮೂಡಲು, ಹೊಂಬಾಳಮ್ಮನ ಸೂರಿನ ಮಾಸಿದ ಹುಲ್ಲು. ಪಡುವಲಿಗೆ ಬಂದಾಗ ಕೈ ನಿಂತುಹೋಯಿತು.

ನಮ್ಮ ಹಿತ್ತಲಲ್ಲಿ ತಿಪ್ಪೆ ಇರಲಿಲ್ಲ.

ಇದ್ದ ಜಾಗ ಬೋಳಾಗಿತ್ತು; ಕದಡಿನ ಮಸುಕಿನಲ್ಲಿ ನನಗದು ತಿಳಿದೇ ಇರಲಿಲ್ಲ. ಹೊಸದಾಗಿ ಸಾರಿಸಿದ ನೆಲದ ಹಸಿ ಬಣ್ಣ ಅಲ್ಲಿ ಕದಡಿಕೊಂಡಿತ್ತು. ಅದರ ತುದಿಯಲ್ಲಿ, ಎಲ್ಲೆಯ ಗೆರೆಯ ಮೇಲೆ ಸರಿಯಾಗಿ, ಕೆಂಪು ಸೀರೆಯ ಒಂದು ಮಸುಕು. ಬಗ್ಗಿದ ಬೆನ್ನು. ಪಕ್ಕದಲ್ಲಿ ಪೊರಕೆ.

"ಇದ್ಯಾರು?" ಎಂದರು ತಿಮ್ಮೇಗೌಡರು. ಮುಂದಕ್ಕೆ ಬಾಗಿ ಪರದೆಗೆ ಮುಖವಿಟ್ಟು ನೋಡಿದರು. ಆ ಸೀರೆ ಅವರೇ ಗೌರಿ ಹಬ್ಬಕ್ಕೆ ಅಕ್ಕನಿಗೆ ತಂದುಕೊಟ್ಟದ್ದು.

ಗಂಟೆ ಅತ್ತೆಯ ಕಿವಿಗೆ ಬಿದ್ದಿರಲಿಲ್ಲ. ಇನ್ನೂ ಹೊತ್ತಿದೆ ಎಂದುಕೊಂಡು, ಬಾಣಂತಿಯ ಗೋಡೆ ಬಂದು ಕೂರುವ ನೆಲವನ್ನು ಸಾರಿಸುತ್ತಾ ಕೂತಿದ್ದರು.

ತಿಮ್ಮೇಗೌಡರು ಕುರ್ಚಿಯ ಮೇಲಿಂದ ಕೈ ತೆಗೆದರು.

"ಇನ್ನೊಂದು ಫೋಟೊ?"

"ಇಲ್ಲ ಮಾವ. ಇದೊಂದೇ."

"ಹಳೇ ಸಾಲು ಹೊಡದ್ರೆ?"

"ಹಳೇ ಸಾಲಿಗೆ ಅಂಚಿನಲ್ಲಿರೋದು ಸುಡ್ತದೆ. ತಿಪ್ಪೆನೂ ಒಂದೇ, ಅತ್ತೆನೂ ಒಂದೇ."

"ಪಡುವಲಲ್ಲೂ ಒಂದು ಪಟ್ಟಿ ಕತ್ತರ್ಸಿದ್ರೆ..." ಎಂದು ಶುರುಮಾಡಿ ತಾವೇ ಬಾಯಿ ಮುಚ್ಚಿಕೊಂಡರು. ಕಟ್ಟೆಯ ಮೇಲೆ ಆಡಿದ್ದು ನೆನಪಾಗಿರಬೇಕು. ಹಣೆಯ ಬೆವರನ್ನು ಟವೆಲ್ಲಿನಲ್ಲಿ ಒತ್ತಿಕೊಂಡು ಕೇಳಿದರು: "ಅದೇನೋ ಕನ್ನಡಿ ಅಂತ ಇತ್ತಂತಲ್ಲ. ಅಕ್ಕ ಹೇಳ್ತಿತ್ತು."

"ಅದ್ರಲ್ಲಿ ಉಳೀತರೆ. ಆದ್ರೆ ಇಬ್ಬರಾಯ್ತರೆ."

"ಇಬ್ಬರು ಅಕ್ಕಂದಿರಾ?" ಅವರ ಮುಖ ನೋಡಿದರೆ ಬೇರೆ ದಿನವಾದರೆ ನಗು ಬರುತ್ತಿತ್ತು. "ಒಬ್ಬಳ್ನೇ ತಡಕಳ್ಳಾಕಾಗ್ತಿಲ್ಲ."

ಅವರು ಬಾಗಿಲವರೆಗೆ ಹೋಗಿ ಹೊರಗೆ ನೋಡಿದರು. ಓಣಿಯ ಗೋಡೆಗಳು ಒಂದರೊಳಗೊಂದು ಇಳಿದು ನಿಂತಿದ್ದವು. ಎದುರು ಮನೆಯ ಕಿಟಕಿಯಲ್ಲಿ ಯಾರದೋ ಮುಖ, ಯಾರದೆಂದು ಹೇಳಲು ಬಾರದಷ್ಟು ಮಸುಕು, ಇತ್ತಲೇ ಕಾಯುತ್ತಿತ್ತು. ತಿಮ್ಮೇಗೌಡರು ತಿರುಗಿ ಬಂದು ನನ್ನ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತರು.

"ಸುತ್ತು ಅಂತ ಬರಿ," ಎಂದರು. "ಮೂಡಲ ಕಡೆ ಏನೂ ಕತ್ತರಿಸಬ್ಯಾಡ. ಅಕ್ಷರ ನೋಡ್ಕಂಡು ಬರಿ."

ಬರೆದೆ. ಕಮಾಂಡಿನ ಹೆಸರು, ಫೋಟೊದ ಹೆಸರು. ಎಲ್ಲೆಯಾಚೆ ಏನಿದೆ ಎಂದು ಹೇಳುವ ಆ ಹೊಸ ಮಾತು. ಆಮೇಲೆ ಒಂಬತ್ತು ಅಂಕಿ: ಸೊನ್ನೆ, ಮೈನಸ್ ಒಂದು, ಸೊನ್ನೆ. ಮೈನಸ್ ಒಂದು, ಐದು, ಮೈನಸ್ ಒಂದು. ಸೊನ್ನೆ, ಮೈನಸ್ ಒಂದು, ಸೊನ್ನೆ. ತಿಮ್ಮೇಗೌಡರು ಬೆರಳು ಮಡಚಿ ಕೂಡಿದರು. ಒಂದು ಬಂತು. ಮತ್ತೊಮ್ಮೆ ಕೂಡಿದರು. ನನಗೆ ಆ ಗಳಿಗೆಯಲ್ಲಿ ಮೊರವೂ ನೆನಪಿರಲಿಲ್ಲ, ಮೆಣಸಿನಕಾಯಿಯೂ ನೆನಪಿರಲಿಲ್ಲ. ಗೆರೆಯ ಮೇಲೆ ಬಗ್ಗಿ ಕೂತ ಬೆನ್ನು ಒಂದೇ ಕಣ್ಣ ಮುಂದಿತ್ತು. ಕೊನೆಗೆ ಹೊಸ ಫೋಟೊದ ಹೆಸರಿಟ್ಟು ಎಂಟರ್ ಒತ್ತಿದೆ.

ಪರದೆ ಏನೂ ಹೇಳಲಿಲ್ಲ. ತಪ್ಪಾದರೆ ಮಾತ್ರ ಅದು ಮಾತಾಡುವುದು. ಬಹಳ ಹೊತ್ತು ಎನ್ನಿಸುವಷ್ಟು ಹೊತ್ತು ಆ ಸಣ್ಣ ಗೆರೆ ಅಲ್ಲೇ ಮಿಣುಕಿ ಮಿಣುಕಿ, ಆಮೇಲೆ ಕೆಳಗಿನ ಸಾಲಿಗೆ ಇಳಿಯಿತು. ಹೊರಗೆ ಓಣಿಯಲ್ಲಿ ಗೋಡೆ ಓಣಿಯಿಂದ ಬಿಡಿಸಿಕೊಂಡಿತು. ಎದುರು ಕಿಟಕಿಯ ಮುಖಕ್ಕೆ ಮೂಗು ಬಂತು, ಮೂಗುತಿ ಬಂತು. ನಾನು ಚಪ್ಪಲಿ ಮರೆತು ಮನೆಯ ಕಡೆ ಓಡಿದೆ. ಹಿಂದೆ ತಿಮ್ಮೇಗೌಡರು ಓಡಿ ಬರುತ್ತಿರುವುದು ಕೇಳಿಸುತ್ತಿತ್ತು. ಅವರು ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಡುಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಬಂದಾಗ ಮೊದಲು ಕೇಳಿಸಿದ್ದು ಅತ್ತೆಯ ದನಿ.

"ಇದೇನ್ ಹೊಗೆಯೇ ಹೊಂಬಾಳಿ ಇದು? ಹಸೀ ಸೌದೆ ಇಕ್ಕಿದ್ದೀಯಾ ಒಲೆಗೆ? ಕೂಸಿನ ಕಣ್ಣಿಗೆ ಹೊಗೆ ಹತ್ತಾಕಿಲ್ವಾ?"

ನಮ್ಮ ಹಿತ್ತಲ ಕೊನೆಯಲ್ಲಿ, ನಿನ್ನೆಯವರೆಗೆ ಕಳ್ಳಿಸಾಲು ಇದ್ದ ಕಡೆ, ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಒಂದು ಗೋಡೆ ನಿಂತಿತ್ತು. ಅದರ ಮೇಲೆ ತೊಲೆ ಸರಿಯಾಗಿ ಕೂತಿತ್ತು. ಅತ್ತೆ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೊಣಕಾಲವರೆಗೂ ಸಗಣಿಯಾಗಿ, ಸೀರೆಯ ಅಂಚು ಅಂಚಾಗಿ, ಒಬ್ಬರೇ ನಿಂತಿದ್ದರು.

ಗೋಡೆಯಾಚೆಯಿಂದ ಹೊಂಬಾಳಮ್ಮನ ಉತ್ತರ ಬಂತು: "ಒಣಗಿದ ಸೌದೆ ಎಲ್ಲೈತೆ ಕೆಂಪಾಜವ್ವ, ಕದಡಿನಾಗೆ? ನಿಮ್ಮನೇಲೈತಾ?"

"ಏನಂದೆ? ಜೋರಾಗ್ ಹೇಳು."

"ಸೌದೆ ಐತಾ ಅಂದೆ."

ಅತ್ತೆ ಹಿಂದಕ್ಕೆ ತಿರುಗಿದರು. ಏದುಸಿರು ಬಿಡುತ್ತಾ ನಿಂತಿದ್ದ ತಮ್ಮನನ್ನು ನೋಡಿದರು, ಆಮೇಲೆ ನನ್ನನ್ನು.

"ಏನ್ ಹಂಗ್ ನೋಡ್ತಾ ನಿಂತ್ಕಂಡೆ," ಎಂದರು. ಎರಡು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. "ಅಟ್ಟದ ಮ್ಯಾಲಿನ ಒಣ ಸೌದೆ ತಕ್ಕಂಬಾ. ತಿಮ್ಮ, ನೀನೂ ಹೋಗ್, ಅವಳೊಬ್ಬಳ ಕೈಲಿ ಆಗಾಕಿಲ್ಲ."

ಗೋಡೆಯಾಚೆ ಮಗು ಅಳತೊಡಗಿತು. ಮುತ್ತಿ ಎತ್ತಿಕೊಂಡಿರಬೇಕು. ಸದ್ದು ಒಮ್ಮೆಲೇ ಅವಳೆದೆಗೆ ಒತ್ತಿಕೊಂಡಂತಾಗಿ ನಿಂತಿತು.